ಬೇರೂ ಗೋಡೆಯೂ

ನಮ್ಮ ಮಂಗಳೂರಿನ ಭೂಪಟವನ್ನು ಎದುರಿಗಿಟ್ಟುಕೊಂಡವರಿಗೆ ಒಂದು ಸಂಗತಿ ಕಾಣಿಸದೆ ಇರಲಾರದು. ಊರಿನ ದಕ್ಷಿಣಕ್ಕೆ, ನೇತ್ರಾವತಿಯನ್ನು ದಾಟಿ ಹೋದರೆ, ಕೊಣಾಜೆಯ ಗುಡ್ಡದ ಮೇಲೆ ಮಂಗಳೂರು ವಿಶ್ವವಿದ್ಯಾಲಯವಿದೆ. ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಸ್ವತಂತ್ರವಾದ ಆ ವಿದ್ಯಾಪೀಠದಲ್ಲಿ ಗಿಡಮರಗಳನ್ನೂ ಕಣ್ಣಿಗೆ ಕಾಣದ ಜೀವಾಣುಗಳನ್ನೂ ಅಭ್ಯಸಿಸತಕ್ಕವರಿದ್ದಾರೆ. ಊರಿನ ಉತ್ತರಕ್ಕೆ, ಗುರುಪುರ ಹೊಳೆಯನ್ನು ದಾಟಿ ಹೋದರೆ, ಸುರತ್ಕಲ್ಲಿನ ಕಡಲ ಕರೆಯಲ್ಲಿ 1960ರಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜಿದೆ. 2002ರಿಂದ ಅದಕ್ಕೆ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರು. ಅಲ್ಲಿ ಸೇತುವೆ, ರಸ್ತೆ, ಅಣೆಕಟ್ಟುಗಳ ವಿದ್ಯೆ. ಅಂತೂ ಜೀವಶಾಸ್ತ್ರಕ್ಕೂ ಕಟ್ಟಡದ ಶಾಸ್ತ್ರಕ್ಕೂ ನಡುವೆ ಎರಡು ಹೊಳೆಗಳೂ ಒಂದು ಪಟ್ಟಣವೂ ಬಿದ್ದುಕೊಂಡಿವೆ.

ಈ ಅಂತರವು ಭೂಪಟದಲ್ಲಿ ಮಾತ್ರ ಇದ್ದಿದ್ದರೆ ಬಸ್ಸು ಹತ್ತಿ ದಾಟಬಹುದಾಗಿತ್ತು. ಆದರೆ ಅದು ನಮ್ಮ ಮಕ್ಕಳ ವಿದ್ಯಾಭ್ಯಾಸದಲ್ಲಿಯೂ ಉಂಟು. ಹತ್ತನೆಯ ತರಗತಿ ಮುಗಿದೊಡನೆ, ಹದಿನಾರು ವರ್ಷದ ಹುಡುಗ ಹುಡುಗಿಯರು ತಾವು ಯಾವ ಪಂಗಡದವರೆಂಬುದನ್ನು ಹೇಳಿಬಿಡಬೇಕು. ಜೀವಶಾಸ್ತ್ರವೆಂದರೆ ವೈದ್ಯನಾಗುವ ದಾರಿ. ಅದನ್ನು ಬಿಟ್ಟು ಕಂಪ್ಯೂಟರು ಹಿಡಿದರೆ ಎಂಜಿನಿಯರನಾಗುವ ದಾರಿ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸಿದ ನಾನು ಈ ಎರಡು ಪಂಗಡಗಳಿಗೂ ಹೊರಗಿನವನು. ಅಂಕಗಳು ಸುಲಭವಾಗಿ ಸಿಕ್ಕುವವೆಂಬ ಆಸೆಯಿಂದ ಎರಡು ಪಂಗಡದವರೂ ನನ್ನ ತರಗತಿಯಲ್ಲಿ ಕುಳಿತುದುಂಟು. ಪರೀಕ್ಷೆಯ ಮರುದಿನವೇ ರಾಮಶಬ್ದವನ್ನು ಮರೆತುದೂ ಉಂಟು. ಅದಿರಲಿ.

ನನ್ನ ತಮ್ಮನ ಮಗಳು ಕಾಲೇಜಿನ ವಿದ್ಯಾಭ್ಯಾಸಕ್ಕಾಗಿ ನಮ್ಮ ಮನೆಯಲ್ಲಿದ್ದಾಳೆ. ತಮ್ಮನದು ಪುತ್ತೂರಿನ ಕಡೆ ಅಡಿಕೆ ತೋಟ. ಹುಡುಗಿ ಚುರುಕು, ಲೆಕ್ಕದಲ್ಲಿ ಗಟ್ಟಿ. ಪಿ.ಯು. ಓದುವಾಗ ಜೀವಶಾಸ್ತ್ರವನ್ನು ಬಿಟ್ಟು, ಅನಂತರ ಸಿವಿಲ್ ಎಂಜಿನಿಯರಿಂಗನ್ನು ತಾನಾಗಿಯೇ ಆರಿಸಿಕೊಂಡಳು. ನೆಂಟರಿಷ್ಟರೆಲ್ಲ "ಕಂಪ್ಯೂಟರು ಬಿಟ್ಟು ಕಲ್ಲು ಮಣ್ಣಿನ ಕೆಲಸವೇ?" ಎಂದು ಕೇಳಿದರೂ ಅವಳು ಜಗ್ಗಲಿಲ್ಲ. ಹೀಗಿರಲು 2024ರಲ್ಲಿ ಅವಳಿಗೆ ನಾಲ್ಕನೆಯ ಸೆಮಿಸ್ಟರು ಆರಂಭವಾಯಿತು. ಒಂದು ಸಾಯಂಕಾಲ ಚೀಲವನ್ನು ಜಗಲಿಯ ಮೇಲೆ ಎಸೆದು, "ಎಂತ ದೊಡ್ಡಪ್ಪ ಇದು! ಜೀವಶಾಸ್ತ್ರದ ಉಪದ್ರ ತಪ್ಪಿತು ಅಂತ ನಾನು ನೆಮ್ಮದಿಯಲ್ಲಿದ್ದರೆ ಅದು ನನ್ನ ಬೆನ್ನು ಹಿಡಿದು ಇಲ್ಲಿಗೂ ಬಂದಿದೆ ನೋಡಿ!" ಎಂದಳು.

ವಿಷಯ ಇಷ್ಟೇ: ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರ ತನ್ನ ಮಾದರಿ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಓದುವವರಿಗೂ ಜೀವಶಾಸ್ತ್ರವನ್ನು ಸೇರಿಸಿತು. ಬೆಳಗಾವಿಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ತನ್ನ 2021ರ ಮತ್ತು 2022ರ ಪಠ್ಯಕ್ರಮಗಳಲ್ಲಿ 'ಎಂಜಿನಿಯರರಿಗಾಗಿ ಜೀವಶಾಸ್ತ್ರ' ಎಂಬ ವಿಷಯವನ್ನು ನಾಲ್ಕನೆಯ ಸೆಮಿಸ್ಟರಿಗೆ ಇಟ್ಟಿತು. ಈ ಸುದ್ದಿ ಫೋನಿನಲ್ಲಿ ಪುತ್ತೂರಿಗೆ ಮುಟ್ಟಿದಾಗ ನನ್ನ ತಮ್ಮನು, "ಅಣ್ಣ, ಕಟ್ಟಡ ಕಟ್ಟುವವಳಿಗೆ ಮೂತ್ರಪಿಂಡದ ಪಾಠ ಯಾಕಂತೆ?" ಎಂದು ಕೇಳಿದನು. ತಂದೆಯಾದವನ ಪ್ರಶ್ನೆ, ತಳ್ಳಿಹಾಕತಕ್ಕದ್ದಲ್ಲ.

ಅವಳ ಪುಸ್ತಕವನ್ನು ನಾನು ಎರಡು ಮಧ್ಯಾಹ್ನ ಕುಳಿತು ನೋಡಿದೆನು. ಹೃದಯವು ಒಂದು ಪಂಪು, ಮೂತ್ರಪಿಂಡವು ಒಂದು ಸೋಸುವ ಯಂತ್ರ, ಕಣ್ಣು ಒಂದು ಕ್ಯಾಮರಾ; ಹೀಗೆ ಶರೀರವನ್ನು ಯಂತ್ರಶಾಲೆಯಂತೆ ವರ್ಣಿಸಿದ್ದಾರೆ. ಮುಂದೆ ಪ್ರಕೃತಿಯನ್ನು ನೋಡಿ ಮನುಷ್ಯನು ಕಲಿತ ಉಪಾಯಗಳು: ಮೀನು ಹಿಡಿಯಲು ನೀರಿಗೆ ಧುಮುಕುವ ಮಿಂಚುಳ್ಳಿಯ ಕೊಕ್ಕನ್ನು ನೋಡಿ ಜಪಾನಿನವರು ಅತಿವೇಗದ ರೈಲಿನ ಮೂತಿಯನ್ನು ಮಾಡಿದುದು, ಬಟ್ಟೆಗೆ ಅಂಟುವ ಮುಳ್ಳುಕಾಯಿಯನ್ನು ನೋಡಿ ಅಂಟುಪಟ್ಟಿಯನ್ನು ಮಾಡಿದುದು, ತಾವರೆಯೆಲೆಯ ಮೇಲೆ ನೀರು ನಿಲ್ಲದಿರುವುದು. ಈ ಕೊನೆಯದನ್ನು ಕಂಡಾಗ ನನಗೆ ನಗು ಬಂತು. ಪದ್ಮಪತ್ರದ ಮೇಲಿನ ಜಲಬಿಂದುವನ್ನು ಉಪಮೆಯಾಗಿ ಬಳಸದ ಸಂಸ್ಕೃತ ಕವಿಯುಂಟೆ? ಆದರೆ ನೀರು ಏಕೆ ಅಂಟುವುದಿಲ್ಲವೆಂದು ನಮ್ಮಲ್ಲಿ ಯಾರೂ ಕೇಳಿದಂತಿಲ್ಲ. ಎಲೆಯ ಮೇಲೆ ಅತಿಸೂಕ್ಷ್ಮವಾದ ಗುಬುಟುಗಳೂ ಮೇಣವೂ ಇದ್ದು, ಹನಿಯು ಆ ಗುಬುಟುಗಳ ತುದಿಯಲ್ಲಿ ಮಾತ್ರ ನಿಂತು ಉರುಳಿಹೋಗುವುದೆಂಬುದನ್ನು ಜರ್ಮನಿಯ ಬಾನ್ ನಗರದ ಸಸ್ಯಶಾಸ್ತ್ರಜ್ಞ ಬಾರ್ಟ್‌ಲಾಟ್ ಎಂಬವರು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದರು. ಉಪಮೆ ನಮ್ಮದು, ಕಾರಣ ಅವರದು.

ಪುಸ್ತಕ ಒಳ್ಳೆಯದೇ. ಆದರೆ ನನಗೆ ತೋರಿದುದನ್ನು ಹೇಳುತ್ತೇನೆ. ಈ ದೃಷ್ಟಾಂತಗಳಲ್ಲಿ ಹೆಚ್ಚಿನವು ಯಂತ್ರಗಳನ್ನು ಮಾಡುವವರಿಗೆ ರುಚಿಸತಕ್ಕವು. ಮನೆ, ರಸ್ತೆ, ಗೋಡೆಗಳನ್ನು ಕಟ್ಟುವವರಿಗೆ ತೀರ ಹತ್ತಿರದ ಜೀವಶಾಸ್ತ್ರವೆಂದರೆ ಕಾಲ ಕೆಳಗಿನ ಮಣ್ಣು ಮತ್ತು ಅದರೊಳಗಿನ ಬೇರು. ಅದು ಅಲ್ಲಿ ಬಹಳ ಸಂಕ್ಷೇಪ. ಮಂಗಳೂರಿನ ವಿದ್ಯಾರ್ಥಿ ಮಿಂಚುಳ್ಳಿಯನ್ನು ಬಲ್ಲನು, ತನ್ನ ಕಾಲೇಜಿನ ಹಿಂದಿನ ಗುಡ್ಡವನ್ನು ಅರಿಯನು. ಅವಳ ಜೊತೆಯ ಮಕ್ಕಳಂತೂ ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಮಾದರಿ ಉತ್ತರಗಳನ್ನು ಬಾಯಿಪಾಠ ಮಾಡಿ ಪಾರಾಗುವ ಯೋಚನೆಯಲ್ಲಿದ್ದರಂತೆ. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಯೇ ನಾನು ಅನ್ನ ಕಂಡವನು. ಆದರೆ ಅಮರಸಿಂಹನು ವನೌಷಧಿವರ್ಗದಲ್ಲಿ ಹೇಳಿದ ಗಿಡವನ್ನು ಒಮ್ಮೆಯಾದರೂ ಕಣ್ಣಿನಿಂದ ನೋಡಬೇಡವೆ?

ನನ್ನ ಮನಸ್ಸು ಆ ದಿನಗಳಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯ ಕಡೆಗೆ ಹೋಯಿತು. ಕ್ರಿಸ್ತಶಕ ಆರನೆಯ ಶತಮಾನದ ಆ ಗ್ರಂಥದಲ್ಲಿ ಅಧ್ಯಾಯಗಳ ಅನುಕ್ರಮವನ್ನು ನೋಡಿರಿ: ಮೊದಲು ವಾಸ್ತುವಿದ್ಯೆ, ಎಂದರೆ ಮನೆ ಕಟ್ಟುವ ವಿಚಾರ; ಅದರ ಬೆನ್ನಿಗೆ ದಕಾರ್ಗಲ, ಎಂದರೆ ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವ ವಿಚಾರ; ಆಮೇಲೆ ವೃಕ್ಷಾಯುರ್ವೇದ, ಎಂದರೆ ಗಿಡಮರಗಳ ಪೋಷಣೆ; ಅನಂತರ ದೇವಾಲಯ; ಅದಾದ ಮೇಲೆ ವಜ್ರಲೇಪವೆಂಬ ಗಾರೆ. ಕಟ್ಟಡ, ನೀರು, ಮರ, ಗುಡಿ, ಗಾರೆ. ಇಲ್ಲಿ ಜೀವಶಾಸ್ತ್ರವೂ ಶಿಲ್ಪಶಾಸ್ತ್ರವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿವೆ. ನೇರಳೆ ಮರದ ಪೂರ್ವಕ್ಕೆ ಸಮೀಪದಲ್ಲಿ ಹುತ್ತವಿದ್ದರೆ ಆ ಮರದ ದಕ್ಷಿಣ ಪಾರ್ಶ್ವದಲ್ಲಿ ಎರಡು ಪುರುಷ ಆಳದಲ್ಲಿ ಸಿಹಿನೀರು ಇರುವುದೆಂದು ಅವನು ಹೇಳುತ್ತಾನೆ. ಪುರುಷವೆಂದರೆ ಕೈಗಳನ್ನು ಮೇಲೆತ್ತಿ ನಿಂತ ಮನುಷ್ಯನ ಎತ್ತರ. ನೂರಿಪ್ಪತ್ತು ಅಂಗುಲವೆಂದು ವ್ಯಾಖ್ಯಾನಕಾರ ಭಟ್ಟೋತ್ಪಲನ ಲೆಕ್ಕ.

ನಾನು ಉತ್ಸಾಹದಿಂದ ಇದನ್ನೆಲ್ಲ ಹುಡುಗಿಗೆ ಹೇಳಿದೆನು. ಅವಳು ಬೆರಳಲ್ಲಿ ಲೆಕ್ಕ ಹಾಕಿ, "ಅಂದರೆ ಸುಮಾರು ಹದಿನೈದು ಅಡಿ. ಆದರೆ ದೊಡ್ಡಪ್ಪ, ನಮ್ಮ ಬಾವಿಯ ಹತ್ತಿರ ನೇರಳೆಯೂ ಇಲ್ಲ, ಹುತ್ತವೂ ಇಲ್ಲ. ನೀರು ಬಂದದ್ದು ನಲುವತ್ತು ಅಡಿಗೆ. ಇದನ್ನು ಯಾರಾದರೂ ಅಗೆದು ಪರೀಕ್ಷೆ ಮಾಡಿದ್ದಾರಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ವರಾಹಮಿಹಿರನು ಅವಂತಿಯವನು, ನೀರಿಗಾಗಿ ಹುಡುಕಾಡಬೇಕಾದ ಸೀಮೆಯನ್ನು ಬಲ್ಲವನು. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಗಾಗಿ ಅವನು ಬರೆದುದಲ್ಲ. ಅದೇ ಗ್ರಂಥದಲ್ಲಿ ವಜ್ರಲೇಪವು ಕೋಟಿ ವರ್ಷ ಬಾಳುವುದೆಂದೂ ಇದೆ. ಅದನ್ನು ಪರೀಕ್ಷಿಸಲು ಯಾರು ಉಳಿದಿರುತ್ತಾರೆ? ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಮನೆ ಕಟ್ಟುವವನು ಮೊದಲು ಸುತ್ತಲಿನ ಮರವನ್ನೂ ಹುತ್ತವನ್ನೂ ನೋಡಬೇಕು, ಅವುಗಳಿಂದ ನೆಲದೊಳಗಿನ ಸ್ಥಿತಿಯನ್ನು ಊಹಿಸಬೇಕು ಎಂಬ ಆ ದೃಷ್ಟಿ ಇದೆಯಲ್ಲ, ಅದು ಉಳಿದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಗಾರೆಯ ಮಾತು ಬಂತು. ನಮ್ಮ ಕಡಲ ಕರೆಯಲ್ಲಿ ಹಿಂದೆ ಸುಣ್ಣವೆಂದರೆ ಹೊಳೆಯ ಅಳಿವೆಯಿಂದ ತೆಗೆದ ಚಿಪ್ಪುಗಳನ್ನು ಸುಟ್ಟು ಮಾಡಿದ್ದು. ಗಾರೆ ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಕೂಡಿಸುತ್ತಿದ್ದರು. ಹಾಗಾದರೆ ಹಳೆಯ ಗೋಡೆಯೆಂಬುದು ಯಾವುದೋ ಜಲಜಂತುವಿನ ಮೈಗೂಡು, ಯಾವುದೋ ಮರದ ಕಾಯಿ, ಯಾವುದೋ ಕಬ್ಬಿನ ರಸ. ಹುಡುಗಿಯ ಪುಸ್ತಕದ ಕೊನೆಯ ಭಾಗದಲ್ಲಿ ಇದಕ್ಕೆ ಹತ್ತಿರದ ಒಂದು ಚಮತ್ಕಾರವಿದೆ. ಅದನ್ನು ಅವಳೇ ನನಗೆ ಓದಿ ವಿವರಿಸಿದಳು. ಹಾಲೆಂಡಿನ ಡೆಲ್ಫ್ಟ್ ನಗರದ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು ಕಾಂಕ್ರೀಟಿನೊಳಗೆ ಬ್ಯಾಸಿಲಸ್ ಎಂಬ ಜಾತಿಯ ಜೀವಾಣುಗಳ ಬೀಜಕಗಳನ್ನೂ, ಅವುಗಳಿಗೆ ಬುತ್ತಿಯಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಕೂಡಿಸಿ ಇಟ್ಟರು. ಬೀಜಕಗಳು ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿದ್ರಿಸುತ್ತವೆ. ಗೋಡೆ ಬಿರುಕು ಬಿಟ್ಟು ನೀರು ಒಳಗೆ ಇಳಿದಾಗ ಎಚ್ಚೆತ್ತು, ಬುತ್ತಿಯನ್ನು ತಿಂದು, ಸುಣ್ಣದ ಕಲ್ಲನ್ನೇ ಉತ್ಪತ್ತಿ ಮಾಡಿ ಬಿರುಕನ್ನು ಮುಚ್ಚುತ್ತವೆ. ಒಂದು ಮಿಲಿಮೀಟರಿನೊಳಗಿನ ಸಣ್ಣ ಬಿರುಕುಗಳಿಗೆ ಮಾತ್ರ ಈ ಚಿಕಿತ್ಸೆ. ದೊಡ್ಡ ಬಿರುಕಿಗೆ ಮೇಸ್ತ್ರಿಯೇ ಗತಿ. "ನೀರು ಒಳಗೆ ಬಂದದ್ದೇ ಅದಕ್ಕೆ ಬೆಳಗಿನ ಗಂಟೆ, ದೊಡ್ಡಪ್ಪ" ಎಂದಳು. ಅಂದಿನಿಂದ ಜೀವಶಾಸ್ತ್ರವನ್ನು ಉಪದ್ರವೆಂದು ಕರೆಯುವುದನ್ನು ಬಿಟ್ಟಳು.

ಆ ಪಾಠ ನಡೆಯುತ್ತಿದ್ದ ಕಾಲದಲ್ಲಿಯೇ, 2024ರ ಜುಲೈ 16ರಂದು, ಉತ್ತರ ಕನ್ನಡದ ಅಂಕೋಲೆಯ ಬಳಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆಯ ಬದಿಯಲ್ಲಿ ಚಹಾ ಕುಡಿಯುತ್ತಿದ್ದವರೂ ಲಾರಿಯಲ್ಲಿದ್ದವರೂ ಗಂಗಾವಳಿಯ ಪಾಲಾದರು. ನಮ್ಮ ಮನೆಯಾಕೆ ಆ ಸುದ್ದಿಯನ್ನು ಕೇಳಿ ಹಿತ್ತಿಲ ಬಾಗಿಲನ್ನು ತೆರೆದು ಬಹಳ ಹೊತ್ತು ಹಿಂದಿನ ಬರೆಯನ್ನೇ ನೋಡುತ್ತ ನಿಂತಳು.

ನಮ್ಮ ಮನೆ ಇರುವುದು ಕುಲಶೇಖರದ ಹತ್ತಿರ, ಒಂದು ಏರಿನಲ್ಲಿ. ಹಿಂದುಗಡೆ ಎರಡಾಳು ಎತ್ತರದ ಬರೆ. ಬರೆಗೂ ಮನೆಗೂ ನಡುವೆ ಎಂಟು ಮೊಳ ಜಾಗ. ಆ ಬದಿಯ ಕೋಣೆಯೇ ಹುಡುಗಿ ಓದುವ, ಮಲಗುವ ಕೋಣೆ. ಬರೆಯ ಮೇಲೆ, ಅಂಚಿನಿಂದ ತುಸು ಹಿಂದೆ, ನನ್ನ ತಾಯಿ ನೆಟ್ಟ ಹಲಸಿನ ಮರ. ಆಚೆಗಿನ ಹಿತ್ತಿಲಲ್ಲಿ ಹಿಂದೆ ಆರೇಳು ಮರಗಳಿದ್ದವು. ಮನೆ ಕಟ್ಟುವುದಕ್ಕಾಗಿ ಅವನ್ನು ಕಡಿದು ಕೆಲವು ವರ್ಷಗಳಾದವು. 2019ರ ಆಗಸ್ಟಿನಲ್ಲಿ ಪಡೀಲಿಗೂ ಕುಲಶೇಖರಕ್ಕೂ ನಡುವೆ ರೈಲು ಹಳಿಯ ಮೇಲೆ ಗುಡ್ಡ ಜರಿದು ಕೊಂಕಣ ಮಾರ್ಗದ ಗಾಡಿಗಳು ದಿನಗಟ್ಟಲೆ ನಿಂತುದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಅಂದಿನಿಂದಲೇ ನಮಗೂ ಸಣ್ಣ ಭಯ. ಶಿರೂರಿನ ಸುದ್ದಿಯಾದ ಮೇಲೆ ಅದು ದೊಡ್ಡದಾಯಿತು. ಮಳೆ ಜೋರಾದ ರಾತ್ರಿ ಹುಡುಗಿಯ ಹಾಸಿಗೆಯನ್ನು ನಡುಮನೆಗೆ ತರುವ ಪದ್ಧತಿ ಶುರುವಾಯಿತು.

ಮಳೆ ಬಿಟ್ಟ ಮೇಲೆ ಗುತ್ತಿಗೆದಾರರೊಬ್ಬರನ್ನು ಕರೆಸಿದೆವು. ಅವರು ಒಂದು ಗಳಿಗೆಯಲ್ಲಿ ತೀರ್ಪು ಕೊಟ್ಟರು: ಹಲಸಿನ ಮರವನ್ನು ಬುಡ ಸಹಿತ ತೆಗೆಯುವುದು, ಬರೆಯನ್ನು ನೆಟ್ಟಗೆ ಕಡಿಯುವುದು, ನೆಲದಿಂದ ಮೇಲಿನವರೆಗೆ ಕೆಂಪುಕಲ್ಲಿನ ಗೋಡೆ ಎಬ್ಬಿಸುವುದು. ನಮ್ಮ ಮನೆಯಾಕೆಗೆ ಮರದ ಮೇಲೆ ಮಮತೆ. ಪ್ರತಿವರ್ಷ ಗುಜ್ಜೆಯ ಪಲ್ಯ, ಹಪ್ಪಳ, ಅತ್ತೆಯ ನೆನಪು, ಎಲ್ಲವೂ ಅದರಲ್ಲಿ. ಆದರೆ ಮಮತೆಯಿಂದ ಬರೆ ನಿಲ್ಲುವುದೆ? ನಾನು ತೂಗಾಡುತ್ತಿದ್ದೆನು. ಹುಡುಗಿಯು ಮಾತ್ರ, "ಒಂದು ವಾರ ತಡೆಯಿರಿ ದೊಡ್ಡಪ್ಪ, ನಮ್ಮ ಸರ್ ಒಬ್ಬರನ್ನು ಕರೆದುಕೊಂಡು ಬರುತ್ತೇನೆ" ಎಂದಳು.

ಬಂದವರು ಮಣ್ಣಿನ ಶಾಸ್ತ್ರವನ್ನು ಕಲಿಸುವ ಅಧ್ಯಾಪಕರು, ಮಿತಭಾಷಿ. ಅವರು ಮರವನ್ನು ನೋಡುವುದಕ್ಕೆ ಮೊದಲು ಬರೆಯ ಬುಡದ ಮಣ್ಣನ್ನು ಉಗುರಿನಿಂದ ಕೆದಕಿದರು. ನಮ್ಮ ಜಿಲ್ಲೆಯ ಗುಡ್ಡಗಳ ರಚನೆಯನ್ನು ಅಂದು ನಾನು ಮೊದಲ ಬಾರಿಗೆ ಕ್ರಮವಾಗಿ ಕೇಳಿದೆನು. ಮೇಲೆ ಗಟ್ಟಿಯಾದ ಮುರಕಲ್ಲಿನ ಪದರ. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್. ಅವನ ಗ್ರಂಥ ಅಚ್ಚಾದುದು 1807ರಲ್ಲಿ. ಆ ಕಲ್ಲಿನ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಒಣಗಿದ್ದಾಗ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ತುಂಬಿದರೆ ಬಲವೆಲ್ಲ ಹೋಗಿ ಜಾರುತ್ತದೆ. ಮೇಲಿನ ಕಲ್ಲನ್ನು ನಂಬಿ ಕೆಳಗಿನ ಮಣ್ಣನ್ನು ಕಡಿದು ತೆರೆದಿಟ್ಟಲ್ಲಿಯೇ ನಮ್ಮ ಊರಿನ ಹೆಚ್ಚಿನ ಬರೆಗಳು ಜರಿಯುವುದು.

ಇನ್ನು ಬೇರಿನ ವಿಚಾರ. ಮಣ್ಣು ಒತ್ತಿದರೆ ತಾಳಿಕೊಳ್ಳುತ್ತದೆ, ಎಳೆದರೆ ಬಿಡುತ್ತದೆ. ಬೇರು ಎಳೆತವನ್ನು ತಾಳುತ್ತದೆ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಮಾಡುವ ಕೆಲಸವನ್ನೇ ಮಣ್ಣಿನೊಳಗೆ ಬೇರು ಮಾಡುತ್ತದೆ. ಅಲ್ಲದೆ ಮರವು ನೆಲದ ನೀರನ್ನು ಹೀರಿ ಎಲೆಗಳಿಂದ ಆಕಾಶಕ್ಕೆ ಬಿಡುತ್ತದೆ. ಮರವನ್ನು ಕಡಿದ ದಿನವೇ ಬರೆ ಬೀಳುವುದಿಲ್ಲ, ಅದರಲ್ಲಿಯೇ ಮೋಸವಿರುವುದು. ಸತ್ತ ಬೇರು ಕೆಲವು ವರ್ಷ ಹಿಡಿದುಕೊಂಡಿದ್ದು, ಮೊದಲು ಸಣ್ಣವೂ ಆಮೇಲೆ ದೊಡ್ಡವೂ ಕೊಳೆತು, ಅವಿದ್ದ ದಾರಿಯಲ್ಲಿಯೇ ನೀರು ಇಳಿಯತೊಡಗುತ್ತದೆ. ಕಡಿದವನು ಮರೆತಿರುತ್ತಾನೆ, ಬರೆ ಮರೆತಿರುವುದಿಲ್ಲ. ಹಾಗೆಂದು ಮರವೆಲ್ಲ ರಕ್ಷಕವೆಂದೂ ತಿಳಿಯಬಾರದೆಂದು ಅವರು ಎಚ್ಚರಿಸಿದರು. ಬೇರಿನ ಹಿಡಿತ ಬಹುಮಟ್ಟಿಗೆ ಮೇಲಿನ ಒಂದೆರಡು ಮೀಟರಿನದು. ಅದಕ್ಕಿಂತ ಆಳದಲ್ಲಿ ಜಾರುವ ಗುಡ್ಡವನ್ನು ಯಾವ ಮರವೂ ಹಿಡಿದು ನಿಲ್ಲಿಸಲಾರದು. ನೆಟ್ಟಗೆ ಕಡಿದ ಬರೆಯ ತುದಿಯಲ್ಲಿಯೇ ನಿಂತ ಹೆಮ್ಮರವು ಗಾಳಿಗೆ ತೂಗಿ ಮಣ್ಣನ್ನು ಸನ್ನೆಗೋಲಿನಂತೆ ಎಬ್ಬಿಸುವುದೂ ಉಂಟು.

"ಹಾಗಾದರೆ ನಮ್ಮ ಹಲಸು?" ಎಂದು ಮನೆಯಾಕೆ ಬಾಗಿಲ ಸಂದಿಯಿಂದ ಕೇಳಿದಳು.

ಅವರು ಅಳತೆ ಮಾಡಿಸಿದರು. ಮರವು ಅಂಚಿನಿಂದ ಹತ್ತು ಮೊಳ ಹಿಂದಿತ್ತು. "ಇರಲಿ ಅಮ್ಮ. ಮೇಲಿನ ಗೆಲ್ಲುಗಳನ್ನು ಮಾತ್ರ ಸವರಿಸಿ, ಗಾಳಿಯ ಹೊರೆ ಕಡಿಮೆಯಾಗುತ್ತದೆ. ನಿಮಗೆ ಶತ್ರು ಮರವಲ್ಲ, ನೀರು" ಎಂದರು. ಮೇಲಿನ ಮನೆಯ ಮಾಡಿನ ನೀರು ಬರೆಯ ತಲೆಯಲ್ಲಿಯೇ ಇಂಗುತ್ತಿತ್ತು. ಅದನ್ನು ಅಡ್ಡ ತೋಡು ಮಾಡಿ ಬದಿಗೆ ತಿರುಗಿಸಬೇಕು. ಬರೆಯನ್ನು ನೆಟ್ಟಗೆ ಕಡಿಯುವ ಬದಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಬೇಕು. ಬುಡದಲ್ಲಿ ಎದೆಮಟ್ಟದ ಗೋಡೆ ಸಾಕು, ಆದರೆ ಅದರ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಅಲ್ಲಲ್ಲಿ ಕೊಳವೆಯ ಕಂಡಿಗಳನ್ನು ಬಿಡಬೇಕು. ಮೆಟ್ಟಿಲುಗಳಲ್ಲಿ ಲಾವಂಚವನ್ನು ಒತ್ತಾಗಿ ನೆಡಬೇಕು. ಲಾವಂಚವೆಂದರೆ ನಮ್ಮ ಕವಿಗಳ ಉಶೀರ. ವಿರಹತಾಪಕ್ಕೆ ಅದರ ಲೇಪವನ್ನು ಹಚ್ಚಿಸುತ್ತಿದ್ದರು. ಅದರ ಬೇರು ಅಡ್ಡಕ್ಕೆ ಹರಡದೆ ಎರಡು ಮೂರು ಮೀಟರ್ ನೆಟ್ಟಗೆ ಕೆಳಗಿಳಿಯುವುದರಿಂದ ಲೋಕದ ನಾನಾ ದೇಶಗಳಲ್ಲಿ ರಸ್ತೆಯ ಬದಿಯ ದಿಬ್ಬಗಳನ್ನು ಉಳಿಸಲು ಅದನ್ನು ನೆಡುತ್ತಾರಂತೆ. ವಿರಹಿಣಿಯರ ಎದೆಯಿಂದ ಎಂಜಿನಿಯರರ ಕೈಗೆ ಬಂದ ಈ ಹುಲ್ಲಿನ ಭಾಗ್ಯವೇ ಭಾಗ್ಯ!

2025ರ ಬೇಸಗೆಯಲ್ಲಿ ಕೆಲಸ ಮುಗಿಯಿತು. ಖರ್ಚು ಏನೂ ಕಡಿಮೆಯಾಗಲಿಲ್ಲವೆಂದು ಗೃಹಸ್ಥರಾದ ಓದುಗರಿಗೆ ಹೇಳಿಬಿಡುತ್ತೇನೆ. ಗೋಡೆಯಲ್ಲಿ ಉಳಿದುದು ತೋಡಿಗೂ ಜಲ್ಲಿಗೂ ಹೋಯಿತು. ಮೇಲಿನ ಮನೆಯವರು ತಮ್ಮ ಮಾಡಿನ ನೀರಿಗೆ ಕೊಳವೆ ಹಾಕಲು ಒಪ್ಪಿ ಅರ್ಧ ಖರ್ಚನ್ನು ತಾವೇ ಕೊಟ್ಟರು. ಆ ವರ್ಷ ಮಳೆ ಮೇ ತಿಂಗಳಲ್ಲಿಯೇ ಬಂದುಬಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಉಳ್ಳಾಲದ ಕಡೆ ಮಂಜನಾಡಿಯಲ್ಲಿ ಗುಡ್ಡ ಮನೆಯ ಮೇಲೆ ಜರಿದು ಎಳೆಯ ಮಕ್ಕಳ ಸಹಿತ ಪ್ರಾಣಹಾನಿಯಾಯಿತು. ಆ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ರೆಯಿಲ್ಲ. ಬೆಳಗಾಗುತ್ತಲೇ ಹುಡುಗಿ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ ನೋಡಿ ಬಂದಳು. ಗೋಡೆಯ ಎಲ್ಲ ಕಂಡಿಗಳಿಂದಲೂ ನೀರು ಹೊರಗೆ ಬರುತ್ತಿತ್ತಂತೆ, ಕೆಸರಲ್ಲ, ತಿಳಿನೀರು. ಕೆಸರು ಬಂದರೆ ಮಣ್ಣು ಒಳಗಿಂದ ತೊಳೆದುಹೋಗುತ್ತಿದೆ ಎಂದು ತಿಳಿಯಬೇಕೆಂಬುದು ಅವರ ಸರ್ ಹೇಳಿಕೊಟ್ಟ ಗುರುತು. ಇದುವರೆಗೆ ಬರೆ ನಿಂತಿದೆ. ಮಳೆಯ ರಾತ್ರಿ ಹಾಸಿಗೆಯನ್ನು ನಡುಮನೆಗೆ ತರುವುದನ್ನು ಮಾತ್ರ ನಾವು ಬಿಟ್ಟಿಲ್ಲ.

ಮೂತ್ರಪಿಂಡದ ಪಾಠವೇಕೆಂದು ಕೇಳಿದ ನನ್ನ ತಮ್ಮನು ಕಳೆದ ಸಲ ಬಂದಾಗ ಮೆಟ್ಟಿಲು ಮೆಟ್ಟಿಲಾದ ಬರೆಯನ್ನು ನೋಡಿ, ತೋಟದ ಮೇಲಿನ ಗುಡ್ಡಕ್ಕೂ ನೆಡಲೆಂದು ಒಂದು ಹೊರೆ ಲಾವಂಚದ ಹಿಳ್ಳುಗಳನ್ನು ಕಟ್ಟಿಸಿಕೊಂಡು ಹೋದನು. ಹುಡುಗಿಗೆ ಈಗ ಕೊನೆಯ ವರ್ಷ. ನಮ್ಮ ಕಡೆಯ ಬರೆಗಳಲ್ಲಿ ತಾನಾಗಿ ಬೆಳೆಯುವ ಗಿಡಗಳಲ್ಲಿ ಯಾವುದರ ಬೇರು ಎಷ್ಟು ಎಳೆತವನ್ನು ತಾಳುತ್ತದೆಂಬುದನ್ನು ಕಿತ್ತು, ತೂಗಿ, ಯಂತ್ರದಲ್ಲಿ ಎಳೆದು ನೋಡುವ ಕೆಲಸವನ್ನು ತನ್ನ ಪ್ರೌಢ ಅಭ್ಯಾಸಕ್ಕಾಗಿ ಕೈಗೆತ್ತಿಕೊಂಡಿದ್ದಾಳೆ. ಗಿಡಗಳ ಗುರುತು ಹಿಡಿಯುವುದಕ್ಕೆ ಎರಡು ಬಾರಿ ನೇತ್ರಾವತಿಯನ್ನು ದಾಟಿ ಕೊಣಾಜೆಗೆ ಹೋಗಿ ಬಂದಳು. ಅಲ್ಲಿ ಲ್ಯಾಟಿನ್ ಹೆಸರುಗಳು ಸಿಕ್ಕಿದವು. ತುಳು ಹೆಸರುಗಳನ್ನು ನಮ್ಮ ಹಿತ್ತಿಲ ಕೆಲಸಕ್ಕೆ ಬರುವ ಅಜ್ಜಿ ಹೇಳಿದರು. ಸಂಸ್ಕೃತದ ಕಂಬಸಾಲು ನನ್ನ ಪಾಲಿನದು. ಮೂವತ್ತೊಂದು ಗಿಡಗಳಲ್ಲಿ ಹತ್ತೊಂಬತ್ತಕ್ಕೆ ಹೆಸರು ಸಿಕ್ಕಿದೆ. ಉಳಿದವುಗಳನ್ನು ಮುಂದಿಟ್ಟುಕೊಂಡು ಅಮರಕೋಶವನ್ನೂ ನಿಘಂಟುಗಳನ್ನೂ ತಿರುವುತ್ತ ಕುಳಿತಿದ್ದೇನೆ. ಭಾನುವಾರದೊಳಗೆ ಪಟ್ಟಿ ಬೇಕಂತೆ.